ರಿಪೋರ್ಟ್ ನಾರ್ಮಲ್, ತಲೆ ಮಾತ್ರ ಸುತ್ತುತ್ತದೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಡಿಯೋದಲ್ಲಿ ಕ್ಯಾಮೆರಾ ಅಲ್ಲಾಡುವುದೇ ಇಲ್ಲ, ಗಮನಿಸಿದಿರಾ? ಎಲ್ಲವನ್ನೂ ಟ್ರೈಪಾಡ್ ಮೇಲೆ ಇಟ್ಟೇ ತೆಗೆದಿದ್ದೇನೆ. ಮೊದಲೆಲ್ಲ ದೇವರಾಜ ಮಾರ್ಕೆಟ್ಟಿನೊಳಗೆ ಫೋನ್ ಹಿಡಿದು, ಹೂವಿನ ಸಾಲಿನಿಂದ ಬಾಳೆಹಣ್ಣಿನ ಸಾಲಿಗೆ ಓಡಾಡಿಕೊಂಡು ಹರಟುತ್ತಿದ್ದವಳು ನಾನು. ಆ ಹಳೇ ವಿಡಿಯೋಗಳನ್ನು ಈಗ ನಾನೇ ನೋಡಲಾರೆ. ಸ್ವಲ್ಪ ಹೊತ್ತು ನೋಡಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಎಡಿಟಿಂಗ್ ಕೂಡ ತಂಗಿಯದ್ದೇ. ಟೈಮ್‌ಲೈನ್ ಎಳೆದಾಗ ಚಿತ್ರಗಳು ಸರಸರ ಓಡುತ್ತವಲ್ಲ, ಅದನ್ನು ತಡೆದುಕೊಳ್ಳಲು ನನ್ನ ಕೈಲಿ ಆಗುವುದಿಲ್ಲ.

ಎಲ್ಲಿ ಹೋದಿರಿ, ಯಾಕೆ ವಿಡಿಯೋ ಇಲ್ಲ ಅಂತ ತುಂಬಾ ಜನ ಕೇಳಿದ್ದೀರಿ. ಎಲ್ಲೂ ಹೋಗಿಲ್ಲ, ಮೈಸೂರಿನಲ್ಲೇ ಇದ್ದೇನೆ. ತಲೆ ಸುತ್ತು. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ಮೇಲೆ ಒಂದೇ ಸಲ ಹೇಳೋಣ ಅಂತ ಕಾಯುತ್ತಿದ್ದೆ, ಆದರೆ ಕಾಯುವುದೇ ದೊಡ್ಡ ಕಥೆ ಆಗಿಬಿಟ್ಟಿದೆ. ಹಾಗಾಗಿ ಅದನ್ನೇ ಹೇಳುತ್ತೇನೆ.

ಹೇಗಿರುತ್ತದೆ ಅಂದರೆ, ಕೆಲವು ದಿನ ಕೋಣೆಯೇ ಗಿರ್ರನೆ ತಿರುಗುತ್ತದೆ. ಆ ದಿನಗಳು ಕಡಿಮೆ. ಉಳಿದ ದಿನಗಳಲ್ಲಿ ತೆಪ್ಪದ ಮೇಲೆ ನಿಂತ ಹಾಗೆ ನೆಲ ಮೆಲ್ಲಗೆ ಏರಿ ಇಳಿಯುತ್ತದೆ. ಬೀಳುವುದಿಲ್ಲ, ಬೀಳುತ್ತೇನೆ ಅನ್ನಿಸುತ್ತಾ ಇರುತ್ತದೆ. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು, ಕಾಲು ಮುರಿದರೆ ಬ್ಯಾಂಡೇಜ್ ಇರುತ್ತದೆ. ಇದಕ್ಕೆ ತೋರಿಸಲು ಏನೂ ಇಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಬೋರ್ಡ್ ಮೇಲೆ ಲೆಕ್ಕ ಬರೆದು, ಹಿಂದಿನ ಬೆಂಚಿನಲ್ಲಿ ಪಿಸುಪಿಸು ಕೇಳಿದ ಕೂಡಲೇ ಸರ್ರನೆ ತಿರುಗುವುದು ನಮ್ಮ ಕೆಲಸದ ಅಭ್ಯಾಸ. ಈಗ ಆ ತಿರುಗುವಿಕೆಯೇ ಕಷ್ಟ. ತಲೆ ತಿರುಗಿಸಿ ನಿಂತ ಮೇಲೂ ಕ್ಲಾಸು ಇನ್ನೊಂದು ಕ್ಷಣ ಜಾರುತ್ತಲೇ ಇರುತ್ತದೆ. ಅದಕ್ಕೆ ಮೊದಲು ಕಾಲು, ಆಮೇಲೆ ಭುಜ, ಕೊನೆಗೆ ತಲೆ, ಹೀಗೆ ತಿರುಗುತ್ತೇನೆ. ನಮ್ಮ ಹುಡುಗರು ಅದನ್ನೂ ಕಲಿತು ಬ್ರೇಕಿನಲ್ಲಿ ಆಕ್ಟ್ ಮಾಡುತ್ತಾರೆ. ನಾನು ನೋಡಿದ್ದೇನೆ. ಚೆನ್ನಾಗಿಯೇ ಮಾಡುತ್ತಾರೆ ಬಿಡಿ.

ಸ್ನಾನದ ಮನೆ ಇನ್ನೊಂದು. ಈಗ ಸ್ಕ್ರೀನ್ ಮೇಲೆ ಕಾಣುತ್ತಿದೆಯಲ್ಲ, ಆ ನೀಲಿ ಪ್ಲಾಸ್ಟಿಕ್ ಸ್ಟೂಲು, ನಲ್ಲಿಯ ಪಕ್ಕದಲ್ಲಿ ಗೋಡೆಗೆ ಹಾಕಿಸಿದ ಸ್ಟೀಲ್ ಹಿಡಿ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಮೈ ಒಂದು ಕಡೆ ವಾಲುತ್ತದೆ. ಚೊಂಬು ಒಂದು ಕೈಯಲ್ಲಿ, ಹಿಡಿ ಇನ್ನೊಂದು ಕೈಯಲ್ಲಿ. ಇದನ್ನು ಡಾಕ್ಟರ ಮುಂದೆ ಹೇಳಲು ನನಗೆ ನಾಚಿಕೆ. ಆದರೆ ಹೇಳಿದಾಗ ಅವರು ಪೆನ್ನು ತೆಗೆದು ಬರೆದುಕೊಂಡರು. ನಾವು ನೆಟ್ಟಗೆ ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬೇಕಂತೆ. ಒಳಗಿವಿಯಿಂದ, ಕಣ್ಣಿನಿಂದ, ಪಾದ ಮತ್ತು ಕೀಲುಗಳಿಂದ. ಮೆದುಳು ಮೂರನ್ನೂ ತಾಳೆ ಹಾಕುತ್ತದೆ. ಕಣ್ಣು ಮುಚ್ಚಿದಾಗ ಒಂದು ಸುದ್ದಿ ನಿಂತುಹೋಗುತ್ತದೆ. ಆಗ ವಾಲಿದರೆ, ಉಳಿದ ಎರಡರಲ್ಲಿ ಎಲ್ಲೋ ಎಡವಟ್ಟಿದೆ ಅಂತ ಅರ್ಥ. ಕ್ಲಿನಿಕ್ಕಿನಲ್ಲಿ ಎರಡೂ ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸಿ ನೋಡುತ್ತಾರಲ್ಲ, ಅದಕ್ಕೆ ರಾಂಬರ್ಗ್ ಟೆಸ್ಟ್ ಅಂತ ಹೆಸರು. ನಾನು ಅದನ್ನು ದಿನಾ ಬೆಳಿಗ್ಗೆ ಸೋಪು ಹಚ್ಚಿಕೊಂಡು ಮಾಡುತ್ತಿದ್ದೆ, ಅಷ್ಟೇ.

ಇನ್ನು ಜನ. ಪಕ್ಕದ ಮನೆ ಆಂಟಿ ಮೊದಲ ಪ್ರಶ್ನೆಯೇ, "ತಲೆ ಸುತ್ತು, ವಾಂತಿ ಅಂತೀಯ... ಏನಾದ್ರೂ ವಿಶೇಷಾನಾ?" ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ! ಅತ್ತೆಯವರ ಪ್ರಕಾರ ಇದೆಲ್ಲ ಪಿತ್ತ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊತ್ತಂಬರಿ ಬೀಜದ ಕಷಾಯ, ಸಂಜೆ ನಿಂಬೆಹಣ್ಣಿನ ಪಾನಕ. ಕುಡಿದೆ, ರುಚಿಯಾಗಿಯೇ ಇರುತ್ತದೆ. ಅಮ್ಮ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು ಹೋದಳು. ಯಾರಿಗೂ ಬೇಡ ಅನ್ನಲಿಲ್ಲ. ಬೇಡ ಅನ್ನುವುದಕ್ಕೂ ತಲೆ ಅಲ್ಲಾಡಿಸಬೇಕಲ್ಲ.

ನಮ್ಮ ಫ್ಯಾಮಿಲಿ ಡಾಕ್ಟರ್ ಬಿಪಿ, ಶುಗರ್, ಹಿಮೋಗ್ಲೋಬಿನ್, ಥೈರಾಯ್ಡ್ ಎಲ್ಲ ನೋಡಿದರು. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ಅಳೆದರು. ನಿಂತು 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದೇ ಕಾರಣ ಇರಬಹುದು. ನನ್ನದು ಇಳಿಯಲಿಲ್ಲ. ಬಿ12 ಕಡಿಮೆ ಇತ್ತು. ನಮ್ಮಂಥ ಸಸ್ಯಾಹಾರಿಗಳಿಗೆ ಅದು ಹೊಸದಲ್ಲ, ಜಾಸ್ತಿ ಕಡಿಮೆಯಾದರೆ ನರಗಳಿಗೂ ತೊಂದರೆ ಆಗಿ ನಡಿಗೆ ತಪ್ಪುತ್ತದೆ. ಇಂಜೆಕ್ಷನ್ ತೆಗೆದುಕೊಂಡೆ. ಸುಸ್ತು ಹೋಯಿತು, ಸುತ್ತು ಹೋಗಲಿಲ್ಲ.

ಆಮೇಲೆ ಯಾರೋ ಕತ್ತಿನ ಸ್ಪಾಂಡಿಲೈಟಿಸ್ ಅಂದರು. ಎಕ್ಸ್‌ರೇಯಲ್ಲಿ ಸವೆತ ಕಾಣಿಸಿತು, ಕಾಲರ್ ಕೊಟ್ಟರು. ನನ್ನ ವಯಸ್ಸಿನವರ ಕತ್ತಿನ ಎಕ್ಸ್‌ರೇ ತೆಗೆದರೆ ಎಷ್ಟೋ ಜನರಿಗೆ ಸವೆತ ಇದ್ದೇ ಇರುತ್ತದೆ, ತಲೆ ಸುತ್ತದಿದ್ದರೂ. ಇದು ನನಗೆ ಆಮೇಲೆ ಇನ್ನೊಬ್ಬ ಡಾಕ್ಟರ್ ಹೇಳಿದ್ದು. ಕಾಲರ್ ಈಗ ಅಟ್ಟದ ಮೇಲಿದೆ.

ಇಎನ್‌ಟಿ ಡಾಕ್ಟರ್ ಹತ್ತಿರ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಒಳಗಿವಿಯಲ್ಲಿ ಸುಣ್ಣದ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಕಾರ್ಬೊನೇಟ್. ಅವು ಜಾಗ ತಪ್ಪಿ ಅರ್ಧವೃತ್ತದ ನಾಳಗಳೊಳಗೆ ಹೋದರೆ, ಮಗ್ಗುಲು ಬದಲಾಯಿಸಿದಾಗ, ಮೇಲೆ ನೋಡಿದಾಗ ಗಿರ್ರನೆ ಸುತ್ತುತ್ತದೆ. ಒಂದು ನಿಮಿಷದೊಳಗೆ ನಿಲ್ಲುತ್ತದೆ. ಬಿಪಿಪಿವಿ ಅಂತಾರೆ. ತಲೆ ಸುತ್ತಿನ ಕಾಯಿಲೆಗಳಲ್ಲಿ ತುಂಬಾ ಸಾಮಾನ್ಯವಾದದ್ದು ಇದು. ಖುಷಿಯ ವಿಷಯ ಏನೆಂದರೆ ಇದಕ್ಕೆ ಮಾತ್ರೆಗಿಂತ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವುದೇ ಮದ್ದು. ಅಮೆರಿಕದ ಜಾನ್ ಎಪ್ಲಿ ಅನ್ನುವ ಡಾಕ್ಟರ್ ರೂಪಿಸಿದ ವಿಧಾನ, 1992ರಲ್ಲಿ ಪ್ರಕಟಿಸಿದ್ದು. ಮಂಚದ ಮೇಲೆ ಕೂರಿಸಿ, ತಲೆ ಒಂದು ಕಡೆ ತಿರುಗಿಸಿ, ದಬಕ್ಕನೆ ಹಿಂದಕ್ಕೆ ಮಲಗಿಸಿ ಕಣ್ಣನ್ನೇ ನೋಡಿದರು. ಹರಳು ಜಾರಿದ್ದರೆ ಕಣ್ಣಗುಡ್ಡೆ ತಾನಾಗಿ ಪಟಪಟ ಹೊಡೆದುಕೊಳ್ಳುತ್ತದೆ. ನನ್ನ ಕಣ್ಣು ಸುಮ್ಮನಿತ್ತು. ಅವತ್ತು ನನಗೆ ಬೇಜಾರಾಯಿತು ಅಂದರೆ ನಂಬುತ್ತೀರಾ? ಹರಳೇ ಇರಲಿ ದೇವರೇ ಅಂತ ಬೇಡಿಕೊಂಡಿದ್ದೆ.

ಅಂದ ಹಾಗೆ, ವಾಟ್ಸಾಪಿನಲ್ಲಿ ಈ ತಲೆ ತಿರುಗಿಸುವ ವಿಡಿಯೋ ಕಳಿಸಿದವರಿಗೆಲ್ಲ ಥ್ಯಾಂಕ್ಸ್. ಆದರೆ ಯಾವ ಕಿವಿ, ಯಾವ ನಾಳ ಅಂತ ಗೊತ್ತಿಲ್ಲದೆ ಅದನ್ನು ಮನೆಯಲ್ಲಿ ಮಾಡಬೇಡಿ.

ಕೇಳುವ ಶಕ್ತಿಯ ಪರೀಕ್ಷೆಗೆ ನಾವು ಮೈಸೂರಿನವರು ಪುಣ್ಯವಂತರು, ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಚೆನ್ನಾಗಿಯೇ ಕೇಳುತ್ತದೆ ಅಂತಾಯಿತು. ಕಿವಿ ಮಂದವಾಗುವುದು, ಗುಂಯ್‌ಗುಡುವುದು, ಕಿವಿ ತುಂಬಿದ ಹಾಗಾಗುವುದು, ಜೊತೆಗೆ ಗಂಟೆಗಟ್ಟಲೆ ಸುತ್ತು ಇದ್ದರೆ ಮೆನಿಯರ್ ಕಾಯಿಲೆ ಇರಬಹುದು. ಅದೂ ಅಲ್ಲ. ಎಂಆರ್‌ಐ ಕೂಡ ನಾರ್ಮಲ್. "ಏನೂ ಇಲ್ಲಮ್ಮ, ಟೆನ್ಶನ್ ಮಾಡ್ಕೋಬೇಡಿ" ಅಂದರು ಒಬ್ಬರು. ಗಡ್ಡೆ ಇಲ್ಲ ಅನ್ನುವುದು ಸಣ್ಣ ಸಮಾಧಾನವಲ್ಲ, ಒಪ್ಪುತ್ತೇನೆ. ಆದರೆ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೇ ಇಳಿದೆ. ಏನೂ ಇಲ್ಲದಿದ್ದರೆ ಆ ಕಂಬಿ ಯಾಕೆ ಬೇಕಿತ್ತು?

ಬೆಂಗಳೂರಿನಲ್ಲಿ ಕಿವಿಗೆ ನೀರು ಬಿಡುವ ಪರೀಕ್ಷೆ ಮಾಡಿದರು. ಕಣ್ಣಿಗೆ ಕಪ್ಪು ಕನ್ನಡಕ, ಅದರೊಳಗೆ ಕ್ಯಾಮೆರಾ. ಒಂದು ಕಿವಿಗೆ 30 ಡಿಗ್ರಿಯ ನೀರು, ಆಮೇಲೆ 44 ಡಿಗ್ರಿಯದು, ಆಮೇಲೆ ಇನ್ನೊಂದು ಕಿವಿ. ನಮ್ಮ ಮೈಯ ಬಿಸಿಗಿಂತ 7 ಕಡಿಮೆ, 7 ಜಾಸ್ತಿ. ಟೆಕ್ನೀಷಿಯನ್ ಹುಡುಗಿ ನೀರು ಬಿಟ್ಟು, "ಮೇಡಂ, ನಿದ್ದೆ ಮಾಡ್ಬೇಡಿ, 100ರಿಂದ ಹಿಂದಕ್ಕೆ ಎಣಿಸಿ" ಅಂದಳು. ಗಣಿತ ಟೀಚರು 91 ಆದ ಮೇಲೆ ಏನು ಬರುತ್ತದೆ ಅಂತ ಮರೆತಳು. ಮಂಚದ ಎರಡೂ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಇಡೀ ಕಟ್ಟಡ ಎಡಕ್ಕೆ ಹೊರಟಿತ್ತು.

ಈ ಪರೀಕ್ಷೆಯ ಹಿಂದಿನ ಕಥೆ ನನಗೆ ತುಂಬಾ ಇಷ್ಟ. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಅಂತ ಕಿವಿ ಡಾಕ್ಟರ್ ಇದ್ದರು. ಅವರು ಕಿವಿಗೆ ನೀರು ಹಾಕಿ ತೊಳೆಯುವಾಗ ರೋಗಿಗಳಿಗೆ ತಲೆ ಸುತ್ತುತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ. ಒಬ್ಬ ರೋಗಿ, ನೀರು ಸಾಕಷ್ಟು ಬಿಸಿ ಇಲ್ಲದಿದ್ದಾಗ ಮಾತ್ರ ನನಗೆ ಸುತ್ತು ಬರುತ್ತದೆ ಅಂದ. ಡಾಕ್ಟರ್ ಅದನ್ನು ತಳ್ಳಿಹಾಕಲಿಲ್ಲ. ಬಿಸಿ ನೀರು, ತಣ್ಣೀರು ಎರಡನ್ನೂ ಹಾಕಿ ಕಣ್ಣು ನೋಡಿದರು. ತಣ್ಣೀರಿಗೆ ಕಣ್ಣು ಒಂದು ದಿಕ್ಕಿಗೆ ಹೊಡೆದುಕೊಂಡರೆ ಬಿಸಿನೀರಿಗೆ ಅದರ ವಿರುದ್ಧ ದಿಕ್ಕಿಗೆ. ಒಳಗಿವಿಯ ದ್ರವ ಬಿಸಿಗೆ ಏರಿ, ತಂಪಿಗೆ ಇಳಿಯುತ್ತದೆ ಅಂತ ಅದರಿಂದ ತರ್ಕಿಸಿದರು. ಒಳಗಿವಿಯ ಬಗ್ಗೆ ಮಾಡಿದ ಈ ಕೆಲಸಕ್ಕೆ 1914ರ ನೊಬೆಲ್ ಬಂತು. ಸುದ್ದಿ ತಲುಪಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ! 1916ರಲ್ಲಿ ಬಿಡುಗಡೆಯಾದ ಮೇಲೆ ಪ್ರಶಸ್ತಿ ತೆಗೆದುಕೊಂಡರು. ನನಗೆ ಮಾತ್ರ ಆ ಹೆಸರಿಲ್ಲದ ರೋಗಿಯದ್ದೇ ಯೋಚನೆ. ಏನೋ ಕ್ಷುಲ್ಲಕ ದೂರು ಹೇಳುತ್ತಿದ್ದೇನೆ ಅಂತ ಅವನಿಗೂ ಅನ್ನಿಸಿರಬೇಕು, ಅಲ್ವಾ?

ಈಗ ನೋಡುತ್ತಿರುವ ನ್ಯೂರಾಲಜಿಸ್ಟ್ ನನ್ನ ದಪ್ಪ ಫೈಲನ್ನು ಪಕ್ಕಕ್ಕಿಟ್ಟರು. ಹೇಗೆ ಸುತ್ತುತ್ತದೆ ಅಂತ ಜಾಸ್ತಿ ಕೇಳಲಿಲ್ಲ. ಎಷ್ಟು ಹೊತ್ತು ಇರುತ್ತದೆ? ಸೆಕೆಂಡಾ, ನಿಮಿಷಾನಾ, ಗಂಟೆಯಾ, ದಿನಗಳಾ? ಏನು ಮಾಡಿದಾಗ ಶುರುವಾಗುತ್ತದೆ? ಬೆಳಕು, ಸದ್ದು ಸಹಿಸಲು ಆಗುತ್ತದಾ? ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ವಾಂತಿ ಆಗುತ್ತಿತ್ತಾ? ತಲೆನೋವು? ಮನೆಯಲ್ಲಿ ಯಾರಿಗಾದರೂ ಅರೆತಲೆನೋವು? ಅಮ್ಮನಿಗೆ ಇತ್ತು. ನಮ್ಮ ಮನೆಯಲ್ಲಿ ಅದನ್ನು ಕಾಯಿಲೆ ಅಂತ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಅವರ ಅನುಮಾನ ಎರಡರ ಮೇಲೆ. ಒಂದು ವೆಸ್ಟಿಬ್ಯುಲರ್ ಮೈಗ್ರೇನ್, ಅಂದರೆ ತಲೆ ಸುತ್ತಿನ ರೂಪದಲ್ಲಿ ಬರುವ ಅರೆತಲೆನೋವು. ಪ್ರತಿ ಸಲ ತಲೆನೋವು ಬರಬೇಕು ಅಂತೇನಿಲ್ಲ, ಸುತ್ತೇ ಮುಖ್ಯ. 5 ನಿಮಿಷದಿಂದ 72 ಗಂಟೆವರೆಗೂ ಇರಬಹುದು. ಇನ್ನೊಂದು ಪಿಪಿಪಿಡಿ. ಒಮ್ಮೆ ಜೋರಾಗಿ ಸುತ್ತು ಬಂದು ಹೋದ ಮೇಲೂ ಮೆದುಳು ಹುಷಾರಿನ ಸ್ಥಿತಿಯಲ್ಲೇ ಉಳಿದುಬಿಡುತ್ತದೆ. 3 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ, ಹೆಚ್ಚಿನ ದಿನಗಳಲ್ಲಿ ತೇಲಾಟ. ನಿಂತಾಗ, ನಡೆದಾಗ, ಜನಜಂಗುಳಿ ನೋಡಿದಾಗ ಜಾಸ್ತಿ. ಮಾರ್ಕೆಟ್ ವಿಡಿಯೋ ನೋಡಲು ಆಗದೆ ಇರುವುದಕ್ಕೂ ಅದಕ್ಕೂ ಸಂಬಂಧ ಇರಬಹುದಂತೆ. ಎರಡೂ ಒಟ್ಟಿಗೆ ಇರುವುದೂ ಉಂಟು. ತಜ್ಞರು ಒಂದಕ್ಕೆ 2012ರಲ್ಲಿ, ಇನ್ನೊಂದಕ್ಕೆ 2017ರಲ್ಲಿ ಲಕ್ಷಣಗಳ ಪಟ್ಟಿ ಒಪ್ಪಿಕೊಂಡಿದ್ದಾರೆ, ಅಂದರೆ ಮೊನ್ನೆ ಮೊನ್ನೆ. ಎರಡನ್ನೂ ಖಚಿತ ಮಾಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಬೇರೆ ಕಾಯಿಲೆ ಇಲ್ಲ ಅಂತ ನೋಡಿಕೊಂಡು, ರೋಗಿ ಹೇಳುವುದನ್ನು ಕೇಳಿ ತೀರ್ಮಾನಿಸಬೇಕು. ಇಷ್ಟು ದಿನ ನಾನು ರಿಪೋರ್ಟುಗಳನ್ನು ಹೊತ್ತು ತಿರುಗುತ್ತಿದ್ದೆ. ಬೇಕಾಗಿದ್ದದ್ದು ನನ್ನ ಬಾಯಿಮಾತು.

ಆ ಮಾತು ಸರಿಯಾಗಿ ಹೇಳಲು ಬರೆದಿಡಬೇಕಲ್ಲ. ಡೈರಿ ತರಲಿಲ್ಲ. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆಯಲ್ಲ, ಅದರ ಮೇಲೇ. ಈಗ ಕ್ಲೋಸಪ್ಪಿನಲ್ಲಿ ನೋಡಿ. 'ಸು' ಅಂದರೆ ಸುತ್ತು, 'ತೇ' ಅಂದರೆ ತೇಲಾಟ, ಪಕ್ಕದಲ್ಲಿ ಎಷ್ಟು ಹೊತ್ತು ಅಂತ. ನಿದ್ದೆ ಕೆಟ್ಟಿದ್ದರೆ ಕೆಳಗೊಂದು ಗೆರೆ. ಮುಟ್ಟಿನ ದಿನಗಳಿಗೆ ಕೆಂಪು ಚುಕ್ಕೆ. ಕಾಟು ಹಾಕಿದ ತಾರೀಖು ನನ್ನದಲ್ಲ, ಹಾಲಿನವನು ಬಾರದ ದಿನಕ್ಕೆ ಅತ್ತೆ ಹಾಕಿದ್ದು. ತಿಂಗಳ ಕೊನೆಗೆ ಹಾಲಿನವನ ಹತ್ತಿರ ಲೆಕ್ಕ ಮಾಡುವಾಗ ನನ್ನ 'ಸು'ಗಳನ್ನೂ ಅತ್ತೆ ಸೇರಿಸಿ ಎಣಿಸಿಬಿಟ್ಟಿದ್ದರು. ಪಾಪ, ಅವನು ಒಪ್ಪಲೇ ಇಲ್ಲ.

ಮಾತ್ರೆಗಳ ಬಗ್ಗೆ ಒಂದು ಮಾತು. ಸಿನ್ನರಿಜಿನ್‌ನಂಥ ಸುತ್ತು ತಡೆಯುವ ಮಾತ್ರೆಗಳು ಜೋರಾಗಿ ಬಂದ ದಿನಗಳಿಗೆ ಸರಿ. ತಿಂಗಳುಗಟ್ಟಲೆ ನುಂಗುತ್ತಾ ಹೋದರೆ ಮೆದುಳು ತಾನಾಗಿ ಹೊಂದಿಕೊಳ್ಳುವುದು ತಡವಾಗಬಹುದು. ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ತಂದುಕೊಳ್ಳುವವರು ಇದ್ದೀರಿ, ಡಾಕ್ಟರನ್ನು ಕೇಳಿ. ನನಗೆ ಈಗ ಮೈಗ್ರೇನ್ ಬಾರದಂತೆ ತಡೆಯುವ ಮಾತ್ರೆ ನಡೆಯುತ್ತಿದೆ. ಜೊತೆಗೆ ವ್ಯಾಯಾಮ. ಕ್ಯಾಲೆಂಡರಿನ ಒಂದು ದೊಡ್ಡ ಅಂಕಿಯ ಮೇಲೆ ಕಣ್ಣು ನೆಟ್ಟು, ತಲೆಯನ್ನು ಆಚೀಚೆ ಆಡಿಸುವುದು. ಅಂಕಿ ಮಸುಕಾಗಬಾರದು. ಮೊದಲು ನಿಧಾನ, ಆಮೇಲೆ ಬೇಗ. ನೋಡಲು ಸುಲಭ. ಮುಗಿದ ಮೇಲೆ ಹತ್ತು ನಿಮಿಷ ಯಾರ ಜೊತೆಯೂ ಮಾತಾಡುವ ಮನಸ್ಸಿರುವುದಿಲ್ಲ. ಮಲಗೇ ಇದ್ದರೆ ಮಾತ್ರ ಇದು ವಾಸಿಯಾಗುವುದಿಲ್ಲ, ಅಷ್ಟು ನನಗೆ ಖಾತ್ರಿಯಾಗಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಸದ್ಯಕ್ಕೆ ದೂರದ ಮಾತು. ನಮ್ಮ ಬೀದಿಯ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯುತ್ತೇನೆ, ಮಗಳು ಪಕ್ಕದಲ್ಲಿ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುತ್ತಾ ಬರುತ್ತಾಳೆ.

ಇದೊಂದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ, ಒಂದು ಹೆಜ್ಜೆಯೂ ಇಡಲು ಆಗದಿದ್ದರೆ, ಕ್ಯಾಲೆಂಡರ್, ಕಷಾಯ ಏನೂ ಬೇಡ. 108ಕ್ಕೆ ಫೋನ್ ಮಾಡಿ. ಅದು ಸ್ಟ್ರೋಕ್ ಇರಬಹುದು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಿದ್ದರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ನನ್ನದು ಮುಂದಿನ ತಿಂಗಳು ಮತ್ತೆ ಬೆಂಗಳೂರು. ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ಹೇಳಲು ಎರಡು ಮೂರು ತಿಂಗಳು ಬೇಕು ಅಂದಿದ್ದಾರೆ. ಈ ಸಲ ಫೈಲಿನ ಮೇಲೆ ಒಂದೇ ಹಾಳೆ ಇಟ್ಟಿದ್ದೇನೆ, ಕ್ಯಾಲೆಂಡರಿನಿಂದ ಇಳಿಸಿಕೊಂಡದ್ದು. ನಮ್ಮನೆಯವರು ರಜೆ ಹಾಕಿ ಜೊತೆಗೆ ಬರುತ್ತಾರೆ. ಬಸ್ಸೋ ಟ್ರೇನೋ ಅಂತ ಇನ್ನೂ ಜಗಳ ನಡೆಯುತ್ತಿದೆ. ಟ್ರೇನಾದರೆ ಓಡುವ ದಿಕ್ಕಿಗೆ ಮುಖ ಮಾಡಿದ ಸೀಟೇ ಬೇಕು ಅಂತ ನಾನು ಈಗಲೇ ಹೇಳಿಬಿಟ್ಟಿದ್ದೇನೆ.