ಅಪರಾಧ ಮಾಡುವ ಅಜ್ಜಿ, ಮೆಚ್ಚಿಕೊಂಡ ರುಮೇನಿಯಾ | ಬುಕಾರೆಸ್ಟ್ ವ್ಲಾಗ್

ಈಗ ನೀವು ನೋಡುತ್ತಿರುವುದು ಬುಕಾರೆಸ್ಟ್ ವಿಶ್ವವಿದ್ಯಾಲಯದ ಲಾ ಕಾಲೇಜು. 1956ರಲ್ಲಿ ಇಲ್ಲಿಂದ ಹದಿನೇಳು ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಹೊರಗೆ ಹಾಕಿದರು. ಪಕ್ಕದ ಹಂಗೇರಿಯಲ್ಲಿ ಜನ ಸರ್ಕಾರದ ವಿರುದ್ಧ ತಿರುಗಿಬಿದ್ದಿದ್ದರು. ಅವರ ಪರ ನಿಂತ ವಿದ್ಯಾರ್ಥಿಗಳಲ್ಲಿ ಇವರೂ ಒಬ್ಬರು ಅನ್ನುವುದು ಆರೋಪ. ಲಾ ಓದಬೇಕಾದವರು ಔಷಧಿ ಕಾರ್ಖಾನೆಯಲ್ಲಿ ಕೂಲಿ ಕೆಲಸಕ್ಕೆ ಹೋದರು.

ಅವರೇ ರೊಡಿಕಾ ಓಜೋಗ್-ಬ್ರಶೊವ್ಯಾನು. ಆಮೇಲೆ ಓದು ಮುಗಿಸಿ ವಕೀಲೆಯಾದರು, ನಟ ಕೋಸ್ಮಾ ಬ್ರಶೊವ್ಯಾನು ಅವರನ್ನು ಮದುವೆಯಾದರು. ನೀನು ಬರಿ ಅಂತ ಹುರಿದುಂಬಿಸಿದ್ದೇ ಗಂಡ. ಮೊದಲ ಪತ್ತೇದಾರಿ ಕಾದಂಬರಿ 1971ರಲ್ಲಿ ಬಂತು.

ಆ ಕಾಲವನ್ನು ಸ್ವಲ್ಪ ಯೋಚಿಸಿ. ರುಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆ. ಪುಸ್ತಕ ಅಚ್ಚಾಗಬೇಕಾದರೆ ಸೆನ್ಸಾರ್ ದಾಟಬೇಕು. ಪೊಲೀಸರಿಗೆ ಅಲ್ಲಿ ಮಿಲಿಷಿಯಾ ಅಂತ ಹೆಸರು. ಕಥೆಯಲ್ಲಿ ಅವರನ್ನು ದಡ್ಡರು ಅಂತ ತೋರಿಸುವ ಹಾಗಿಲ್ಲ. ಇಷ್ಟು ಕಟ್ಟುಪಾಡಿನ ನಡುವೆ ರೊಡಿಕಾ ಏನು ಮಾಡಿದರು ಗೊತ್ತಾ? ಓದುಗರ ಪ್ರೀತಿಯನ್ನೆಲ್ಲ ಒಬ್ಬ ಅಪರಾಧಿಗೆ ಕೊಟ್ಟುಬಿಟ್ಟರು!

ಅವಳೇ ಮೆಲಾನಿಯಾ ಲೂಪು. ವಯಸ್ಸಾದ ಹೆಂಗಸು. ಮೆದು ಮಾತು, ಒಳ್ಳೆಯ ನಡತೆ, ನೋಡಿದರೆ ಯಾರ ಮನೆಯ ಅಜ್ಜಿಯೋ ಅನ್ನಬೇಕು. ಮನೆಯಲ್ಲಿ ಮಿರ್ಚುಲಿಕಾ ಅನ್ನುವ ಬೆಕ್ಕು. ತನ್ನ ಲೆಕ್ಕಾಚಾರವನ್ನೆಲ್ಲ ಆ ಬೆಕ್ಕಿನ ಹತ್ತಿರ ಹೇಳಿಕೊಳ್ಳುತ್ತಾಳೆ. ಅವಳ ಬೆನ್ನು ಬೀಳುವವನು ಮಿಲಿಷಿಯಾದ ಮೇಜರ್ ಕ್ರಿಸ್ತೆಸ್ಕು, ಜಾಣ, ಸಭ್ಯ. ಅವನಿಗೂ ಈ ಅಜ್ಜಿಯ ತಲೆಯ ಬಗ್ಗೆ ಒಳಗೊಳಗೇ ಮೆಚ್ಚುಗೆ. ರೊಡಿಕಾ ಅವರನ್ನು ರುಮೇನಿಯಾದ ಅಗಾಥಾ ಕ್ರಿಸ್ಟಿ ಅಂತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕ್ರಿಸ್ಟಿಯ ಮಿಸ್ ಮಾರ್ಪಲ್ ಕೊಲೆಗಾರರನ್ನು ಪತ್ತೆ ಮಾಡುವವಳು. ಮೆಲಾನಿಯಾ ಅಪರಾಧ ಮಾಡುವ ಕಡೆಯವಳು, ಅಲ್ವಾ?

ಇನ್ನೊಂದು ಸರಣಿಯಲ್ಲಿ ಮಿನೆರ್ವಾ ತುತೊವಾನ್ ಅಂತ ಮಿಲಿಷಿಯಾ ಅಧಿಕಾರಿ ಬರುತ್ತಾಳೆ. ಮೊದಲು ಗಣಿತದ ಟೀಚರ್. ಅವಳ ಕೈಕೆಳಗೆ ಕೆಲಸ ಮಾಡುವ ದೊಬ್ರೆಸ್ಕು ಒಂದು ಕಾಲದಲ್ಲಿ ಅವಳದೇ ಸ್ಟೂಡೆಂಟ್! ಕೇಸಿನ ಬಗ್ಗೆ ಮಾತಾಡುವಾಗಲೂ ಅವನಿಗೆ ಟೀಚರ್ ಭಯ ಬಿಟ್ಟಿಲ್ಲ. ನನಗೆ ಈ ಜೋಡಿ ತುಂಬಾ ಇಷ್ಟ. ರಾಜರ ಕಾಲದ ಗೂಢಚಾರರ ಕಾದಂಬರಿಗಳನ್ನೂ ರೊಡಿಕಾ ಬರೆದಿದ್ದಾರೆ.

ಇದು ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಪ್ರತಿ, ಹತ್ತಿರದಿಂದ ನೋಡಿ. ಮೆಲಾನಿಯಾ ಕಥೆಯ 'ಒಂದು ನಗೆಗೆ ಸಯನೈಡ್', 1975. ಹಾಳೆ ಹಳದಿಯಾಗಿದೆ, ಬೆನ್ನು ಬಿಟ್ಟಿದೆ. ಯಾರೋ ಅಂಟು ಹಚ್ಚಿ, ಮತ್ತೆ ಓದಿ, ಮತ್ತೆ ಅಂಟು ಹಚ್ಚಿದ್ದಾರೆ.

ರೊಡಿಕಾ 2002ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನೆಮಿರಾ ಪ್ರಕಾಶನ ಅವರ ಕಾದಂಬರಿಗಳನ್ನು ಮತ್ತೆ ಅಚ್ಚು ಹಾಕಿದೆ. ನಿಮ್ಮಲ್ಲಿ ಯಾರಾದರೂ ರುಮೇನಿಯನ್ ಕಲಿಯುತ್ತಿದ್ದರೆ ಈ ಸಯನೈಡ್‌ನಿಂದಲೇ ಶುರು ಮಾಡಿ. ಮಾತುಕತೆ ಜಾಸ್ತಿ, ವಾಕ್ಯ ಚುರುಕು. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ಮುಂದಕ್ಕೆ ಓದಿ. ಮೆಲಾನಿಯಾ ಏನು ಮಾಡಲಿದ್ದಾಳೆ ಅನ್ನುವ ಕುತೂಹಲವೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ.