ಕೋನ್ ಶಂಖದ ವಿಷ, ಪಾದದ ಉರಿ

(ಕುಮಟಾದಲ್ಲಿ ಮೀನುಗಾರ ಕುಟುಂಬಗಳ ಎದುರು ವೈದ್ಯರೊಬ್ಬರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲಿನ ಕೋನ್ ಶಂಖದ ಚಿಪ್ಪು ನೋಡಿ. ಹೆಬ್ಬೆರಳುದ್ದ, ಒಂದು ತುದಿ ಚೂಪು, ಮೈತುಂಬ ಕಂದು ಚಿತ್ತಾರ. ರಂಪಣಿ ಬಲೆ ಎಳೆದ ಕೈಗಳಿಗೆ ಇಂಥದ್ದು ಹೊಸದಲ್ಲ. ಇದರೊಳಗಿದ್ದ ಹುಳು ಬೇಟೆಗಾರ. ಟೊಳ್ಳು ಹಲ್ಲನ್ನು ಈಟಿಯಂತೆ ಚುಚ್ಚಿ ವಿಷ ಬಿಡುತ್ತದೆ. ಈ ಕುಲದ ಕೆಲವು ಜಾತಿಗಳು ಮೀನನ್ನೇ ಮರಗಟ್ಟಿಸಿ ನುಂಗುತ್ತವೆ.

ಆ ವಿಷ ಪೆಪ್ಟೈಡ್‌ಗಳ ಮಿಶ್ರಣ. ಅಮೈನೋ ಆಮ್ಲಗಳನ್ನು ಮಣಿಯಂತೆ ಪೋಣಿಸಿದ ಸಣ್ಣ ಸರವೇ ಪೆಪ್ಟೈಡ್. ನಿಮ್ಮಲ್ಲಿ ಹಲವರು ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಇಂಥ 51 ಮಣಿಗಳಿವೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫಿಲಿಪೀನ್ಸ್ ಮೂಲದ ಬಾಲ್ಡೊಮೆರೊ ಒಲಿವೆರಾ ಅವರ ಪ್ರಯೋಗಾಲಯ ಕೋನಸ್ ಮೇಗಸ್ ಎಂಬ ಶಂಖದ ವಿಷದಲ್ಲಿ 25 ಮಣಿಗಳ ಸರವೊಂದನ್ನು ಕಂಡಿತು. ಅದನ್ನು ಕೃತಕವಾಗಿ ತಯಾರಿಸಿದ್ದೇ ಝಿಕೊನೊಟೈಡ್ ಎಂಬ ನೋವಿನ ಮದ್ದು. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನಲ್ಲೂ ವಿಜ್ಞಾನಿಗಳಾದ ಪಿ. ಬಲರಾಂ, ಕೆ.ಎಸ್. ಕೃಷ್ಣನ್ ಅವರು ಭಾರತದ ಕಡಲಿನ ಕೋನ್ ಶಂಖಗಳ ಪೆಪ್ಟೈಡ್‌ಗಳನ್ನು ಅಭ್ಯಾಸ ಮಾಡಿದ್ದಾರೆ.

ನೋವಿನ ಸುದ್ದಿ ಹೊತ್ತ ನರ ಬೆನ್ನುಹುರಿಯಲ್ಲಿ ಮುಂದಿನ ನರಕ್ಕೆ ಸುದ್ದಿ ದಾಟಿಸಬೇಕಾದರೆ, ಅದರ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲು ತೆರೆಯಬೇಕು. ಝಿಕೊನೊಟೈಡ್ ಆ ಬಾಗಿಲಿಗೇ ಅಡ್ಡ ಕೂರುತ್ತದೆ. ಆದರೆ ಇದು ಗುಳಿಗೆಯಲ್ಲ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಪಂಪಿನಿಂದ ತುಸುತುಸುವೇ ಬಿಡಬೇಕು. ಗೊಂದಲ, ಭ್ರಮೆ ಬರಬಹುದು. ಬೇರೆ ದಾರಿ ಉಳಿಯದ ತೀವ್ರ ನೋವಿಗೆ ಮಾತ್ರ ಇದು.

ಕಳೆದ ಮಳೆಗಾಲ ಅಘನಾಶಿನಿ ಅಳಿವೆಯಲ್ಲಿ ಬಳಚು ಆಯುವ ಅಕ್ಕ ಒಬ್ಬರು ಮಗನ ಜೊತೆ ಬಂದರು. ಸಕ್ಕರೆ ಕಾಯಿಲೆ. "ರಾತ್ರಿ ಪಾದಕ್ಕೆ ಕೆಂಡ ಇಟ್ಟ ಹಾಗಾಗ್ತದೆ ಡಾಕ್ಟ್ರೇ, ಚಾದರ ತಾಗಿದ್ರೂ ತಡೀಲಿಕ್ಕಾಗೂದಿಲ್ಲ" ಎಂದರು. ಮಗ ಕಿಸೆಯಿಂದ ಪುಟ್ಟ ಸೀಸೆ ತೆಗೆದ. ತಳದಲ್ಲಿ ಚಿಟಿಕೆ ಬಿಳಿ ಪುಡಿ, ಚೀಟಿಯ ಮೇಲೆ ಬಿಪಿಸಿ-157. ಆನ್‌ಲೈನಲ್ಲಿ ತರಿಸಿದ್ದ. ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ 'ಸಂಶೋಧನೆಗೆ ಮಾತ್ರ' ಎಂದಿತ್ತು.

15 ಮಣಿಗಳ ಈ ಪೆಪ್ಟೈಡ್ ಇಲಿಗಳಲ್ಲಿ ಹರಿದ ಸ್ನಾಯುರಜ್ಜು ಕೂಡಿಸಿದ, ಉರಿಯೂತ ತಗ್ಗಿಸಿದ ವರದಿಗಳಿವೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಮನುಷ್ಯರಲ್ಲಿ ಮಾತ್ರ ದೊಡ್ಡ ಪರೀಕ್ಷೆಗಳು ಆಗಿಲ್ಲ. 2022ರಿಂದ ಕ್ರೀಡಾಪಟುಗಳಿಗೆ ಇದು ನಿಷಿದ್ಧ. ಹೊಸ ರಕ್ತನಾಳ ಬೆಳೆಸುವ ಗುಣ ಗಾಯಕ್ಕೆ ಒಳ್ಳೆಯದೇ. ಮೈಯೊಳಗೆ ಎಲ್ಲೋ ಗಡ್ಡೆ ಅಡಗಿದ್ದರೆ ಅದಕ್ಕೂ ರಕ್ತ ಉಣಿಸೀತು ಎಂಬುದು ನನ್ನ ಭಯ. ಮೇಲಾಗಿ ಆ ಪುಡಿ ನಿಜಕ್ಕೂ ಅದೇ ಎಂದು ಯಾರು ಪರೀಕ್ಷಿಸಿದ್ದಾರೆ?

ಮಗನನ್ನು ಬೈಯಲು ಮನಸ್ಸಾಗಲಿಲ್ಲ. ಅಮ್ಮ ಒಂದು ರಾತ್ರಿ ಮಲಗಲಿ ಎಂದು ದುಡಿದ ದುಡ್ಡು ಸುರಿದಿದ್ದ. ಅವರಿಗೆ ಬೇಕಾಗಿದ್ದದ್ದು ಸಕ್ಕರೆಯ ಹತೋಟಿ, ದಿನಾ ಪಾದ ತಿರುಗಿಸಿ ನೋಡಿಕೊಳ್ಳುವ ರೂಢಿ, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಗುಳಿಗೆ. ಆ ಗುಳಿಗೆಯೂ ಹಿಡಿಯುವುದು ಕ್ಯಾಲ್ಸಿಯಂ ಬಾಗಿಲನ್ನೇ, ಬೇರೆ ಕಡೆಯಿಂದ. ತಿಂಗಳೊಳಗೆ ಅಕ್ಕ ಚಾದರ ಹೊದ್ದು ಮಲಗಿದರು.

ಈಗ ಚಿಪ್ಪನ್ನು ಕೈಯಿಂದ ಕೈಗೆ ದಾಟಿಸಿ. ಖಾಲಿಯಿದೆ, ಹೆದರಬೇಡಿ. ಬಂಡೆಸಂದಿಯಲ್ಲಿ ಹುಳು ಇರುವಂಥದ್ದು ಕಂಡರೆ ಮಕ್ಕಳಿಗೆ ಮುಟ್ಟಗೊಡಬೇಡಿ. ನಿಮ್ಮ ಮನೆಯಲ್ಲೂ ಅಂಥ ಸೀಸೆಯಿದ್ದರೆ ನಾಳೆ ತನ್ನಿ, ಕೂತು ನೋಡೋಣ.