ಮೀನು ಜಾಸ್ತಿ ಇದೆ, ಆದರೆ ಆ ಮೀನಲ್ಲ

ಎಲ್ಲರಿಗೂ ನಮಸ್ಕಾರ.

ಮಳವಳ್ಳಿ, ಕನಕಪುರ, ಕೊಳ್ಳೇಗಾಲದ ಕಡೆಯಿಂದ ಬಂದವರು ಇಲ್ಲಿ ತುಂಬಾ ಜನ ಇದ್ದೀರಿ ಎಂದು ನಿಮ್ಮ ಮೇಷ್ಟ್ರು ಹೇಳಿದರು. ಹಾಗಾದರೆ ಕಾವೇರಿ ನಿಮಗೆ ಹೊಸದಲ್ಲ. ಮುತ್ತತ್ತಿಯಲ್ಲಿ ಸ್ನಾನ ಮಾಡಿದ್ದೀರಿ. ಸಂಗಮದಲ್ಲಿ ಹರಿಗೋಲು ಹತ್ತಿದ್ದೀರಿ. ಮೇಕೆದಾಟಿನ ಬಂಡೆ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ. ಆದರೆ ಆ ನೀರಿನ ಒಳಗೆ ಏನಿದೆ, ಎಷ್ಟಿದೆ ಎಂದು ಕೇಳಿದರೆ ಯಾರ ಹತ್ತಿರವೂ ಸುಲಭದ ಉತ್ತರ ಇಲ್ಲ. ಇವತ್ತು ಆ ಪ್ರಶ್ನೆಯ ಬಗ್ಗೆಯೇ ಮಾತಾಡುತ್ತೇನೆ.

ನಾನು ಹೊಳೆಯ ಮೀನಿನ ಲೆಕ್ಕ ಹಾಕುವ ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಒಬ್ಬ ಹಿರಿಯ ಹರಿಗೋಲಿನವರ ಜೊತೆ ಹೊಳೆ ಸುತ್ತುತ್ತಿದ್ದೆ. ಚಿಕ್ಕಂದಿನಿಂದ ಅವರದು ಹೊಳೆಯ ಮೇಲಿನ ಬದುಕು. ಒಂದು ದಿನ ಸುಮ್ನೆ ಕೇಳಿದೆ, "ಅಣ್ಣಾ, ಮೊದಲಿಗಿಂತ ಈಗ ಬಿಳಿಮೀನು ಕಮ್ಮಿ ಆಗಿದೆಯಾ?" ಅವರು ಹುಟ್ಟು ಹಾಕುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಹೇಳಿದರು: "ಮೀನಿದೆ ಸಾ, ಜಾಸ್ತೀನೇ ಇದೆ. ಆದ್ರೆ ಆ ಮೀನಲ್ಲ."

ಆ ಮಾತು ನನಗೆ ಅವತ್ತು ಅರ್ಥವಾಗಲಿಲ್ಲ. ಬಿಳಿಮೀನು ಎಂದರೆ ಬಿಳಿಮೀನು, ಅದರಲ್ಲಿ ಈ ಮೀನು ಆ ಮೀನು ಏನು ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ 'ಮೀನು ಜಾಸ್ತಿ' ಎಂದಷ್ಟೇ ಬರೆದೆ. ಅವರ ಮಾತಿನ ದೊಡ್ಡ ಭಾಗವೇ ಬಿಟ್ಟುಹೋಯಿತು.

ಬಿಳಿಮೀನು ಅಂದರೆ ಮಹಶೀರ್. ಬೇರೆ ಕಡೆ ಇದನ್ನೇ ದೇವರ ಮೀನು ಅಂತಾರೆ. ದೊಡ್ಡ ಹುರುಪೆ, ದಪ್ಪ ತುಟಿ, ರಭಸದ ನೀರಿಗೆ ಎದುರಾಗಿ ಈಜುವ ಬಲ. ಕಾವೇರಿಯ ಮಹಶೀರ್ ಪ್ರಪಂಚದ ಗಾಳಗಾರರಿಗೆಲ್ಲ ಗೊತ್ತಿದ್ದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೋ. ಒಂದು ಮೂಟೆ ಅಕ್ಕಿಯ ತೂಕ! ಅಂಥ ಮೀನು ಹಿಡಿಯಲು ಗಾಳಕ್ಕೆ ಏನು ಸಿಕ್ಕಿಸುತ್ತಿದ್ದರು ಗೊತ್ತಾ? ನಮ್ಮ ರಾಗಿ ಮುದ್ದೆ. ಗಟ್ಟಿಯಾಗಿ ಬೇಯಿಸಿದ ರಾಗಿಯ ಉಂಡೆ.

ಈಗ ಲೆಕ್ಕದ ವಿಷಯಕ್ಕೆ ಬರೋಣ. ಕಣ್ಣಿಗೆ ಕಾಣದ್ದನ್ನು ಎಣಿಸುವುದು ಹೇಗೆ?

ಒಂದು ಡಬ್ಬಿ ತುಂಬ ಅವರೆಕಾಳು ಇದೆ ಎಂದುಕೊಳ್ಳಿ. ಎಷ್ಟಿದೆ ಗೊತ್ತಿಲ್ಲ, ಎಲ್ಲವನ್ನೂ ಎಣಿಸುವಂತೆಯೂ ಇಲ್ಲ. ಕೈಹಾಕಿ 50 ಕಾಳು ತೆಗೆಯಿರಿ. ಅವಕ್ಕೆ ಕುಂಕುಮ ಹಚ್ಚಿ ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಈಗ ಇನ್ನೊಮ್ಮೆ ಕೈಹಾಕಿ 40 ಕಾಳು ತೆಗೆಯಿರಿ. ಅದರಲ್ಲಿ 10ಕ್ಕೆ ಕುಂಕುಮ ಇದೆ ಎಂದಿಟ್ಟುಕೊಳ್ಳಿ. ಅಂದರೆ ನಾಲ್ಕರಲ್ಲಿ ಒಂದು. ಹಾಗಿದ್ದರೆ ನೀವು ಮೊದಲು ಹಚ್ಚಿದ 50 ಕಾಳು ಇಡೀ ಡಬ್ಬಿಯ ಕಾಲು ಭಾಗ. ಡಬ್ಬಿಯಲ್ಲಿ ಸುಮಾರು 200 ಕಾಳಿದೆ. ಮನೆಯಲ್ಲಿ ಮಾಡಿ ನೋಡಿ, ಆಮೇಲೆ ಪೂರ್ತಿ ಎಣಿಸಿ. ಅಷ್ಟೇ ಸರಿಯಾಗಿ ಬರುವುದಿಲ್ಲ, ಆದರೆ ಹತ್ತಿರ ಬರುತ್ತದೆ.

ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿಯುವುದು. ಇದಕ್ಕೆ ದಾರಿ ಹಾಕಿದವರು ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್. 1890ರ ದಶಕದಲ್ಲಿ ಅವರು ಸಮುದ್ರದ ಚಪ್ಪಟೆ ಮೀನುಗಳಿಗೆ ಗುರುತು ಕಟ್ಟಿ ಬಿಡುತ್ತಿದ್ದರು. 1930ರಲ್ಲಿ ಅಮೆರಿಕದ ಲಿಂಕನ್ ಎಂಬುವವರು ಕಾಲಿಗೆ ಬಳೆ ಹಾಕಿದ ಬಾತುಗಳ ಮೇಲೆ ಇದೇ ಲೆಕ್ಕ ಹಾಕಿದರು. ಆಮೇಲೆ ಈ ಲೆಕ್ಕ ಬಂದಿದ್ದು ಎಲ್ಲಿಗೆ ಅಂತೀರಿ? ನಮ್ಮ ನಾಗರಹೊಳೆಗೆ.

ಅದಕ್ಕೆ ಮುಂಚೆ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತು ನೋಡಿ. ಮಣ್ಣಿನ ಮೇಲಿನ ಹೆಜ್ಜೆಗೆ ಗಾಜು ಇಟ್ಟು ಅದರ ಅಂಚು ಗೀಚಿಕೊಂಡು, 'ಇದು ಈ ಹುಲಿ, ಅದು ಆ ಹುಲಿ' ಎನ್ನುತ್ತಿದ್ದರು. ಆದರೆ ಒಂದೇ ಹುಲಿ ಒದ್ದೆ ಮಣ್ಣಿನಲ್ಲಿ ಒಂದು ಥರ, ಒಣ ಧೂಳಿನಲ್ಲಿ ಇನ್ನೊಂದು ಥರ ಹೆಜ್ಜೆ ಬಿಡುತ್ತದೆ. 1990ರ ದಶಕದ ಶುರುವಿನಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡುದಾರಿಗಳಲ್ಲಿ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ ಕಟ್ಟಿದರು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಹಾಗಾಗಿ ಹುಲಿಗೆ ಕುಂಕುಮ ಹಚ್ಚುವ ಅಗತ್ಯವೇ ಇಲ್ಲ, ಗುರುತು ಮೈಮೇಲೇ ಇದೆ. ಮೊದಲ ಫೋಟೋ ಅಂದರೆ ಹಿಡಿದ ಹಾಗೆ, ಎರಡನೇ ಫೋಟೋ ಅಂದರೆ ಮತ್ತೆ ಹಿಡಿದ ಹಾಗೆ. 1995ರಲ್ಲಿ ಅವರು ಈ ಲೆಕ್ಕವನ್ನು ಪ್ರಕಟಿಸಿದರು. ಮೀನಿನ ಲೆಕ್ಕ ಹುಲಿಗೆ ಬಂದ ಕಥೆ ಇದು.

ಆದರೂ ದೇಶದಲ್ಲಿ ಹೆಜ್ಜೆ ಗುರುತಿನ ಲೆಕ್ಕವೇ ಇನ್ನೂ ಹತ್ತು ವರ್ಷ ನಡೆಯಿತು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂದು ಗೊತ್ತಾಯಿತು. ಕಾಗದದ ಮೇಲೆ ಮಾತ್ರ ಹುಲಿಗಳು ಓಡಾಡಿಕೊಂಡಿದ್ದವು. ಆ ಪೆಟ್ಟು ಬಿದ್ದ ಮೇಲೆ ಪದ್ಧತಿ ಬದಲಾಯಿತು. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದ ತುಂಬ ಕ್ಯಾಮೆರಾ ಕಟ್ಟಿ ಅಂದಾಜು ಮಾಡುತ್ತಾರೆ. ಕರ್ನಾಟಕದಲ್ಲಿ 2018ರಲ್ಲಿ 524, 2022ರಲ್ಲಿ 563 ಹುಲಿ. ಈ ಸಂಖ್ಯೆಯ ಹಿಂದೆ ಎಷ್ಟು ಜನ ಫಾರೆಸ್ಟ್ ಗಾರ್ಡುಗಳ, ವಾಚರುಗಳ ಕಾಲು ನಡಿಗೆ ಇದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ಈಗ ನನ್ನ ನೋವು ಹೇಳುತ್ತೇನೆ. ಮೀನಿನಿಂದ ಕಲಿತ ಲೆಕ್ಕ ಹುಲಿಗೆ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ನಮ್ಮ ಹೊಳೆಯ ಮೀನಿಗೆ ಆ ಅದೃಷ್ಟ ಬರಲಿಲ್ಲ.

ಕಾವೇರಿಯ ಮಹಶೀರ್ ಬಗ್ಗೆ ನಮ್ಮ ಕೈಯಲ್ಲಿರುವ ಒಳ್ಳೆಯ ಲೆಕ್ಕ ಬಂದದ್ದು ಯಾವ ಇಲಾಖೆಯ ಸಮೀಕ್ಷೆಯಿಂದಲೂ ಅಲ್ಲ. ಗಾಳ ಹಾಕುವವರ ದಿನಚರಿ ಪುಸ್ತಕದಿಂದ. ಕಾವೇರಿ ದಡದ ಗಾಲಿಬೋರೆಯಲ್ಲಿ ಗಾಳದ ಶಿಬಿರ ಇತ್ತು. ಅಲ್ಲಿಗೆ ಬಂದವರು ಮೀನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡಬೇಕಿತ್ತು. ಎಷ್ಟು ಗಂಟೆ ಕೂತೆವು, ಎಷ್ಟು ಮೀನು ಸಿಕ್ಕಿತು, ತೂಕ ಎಷ್ಟು, ಎಲ್ಲ ಬರೆದಿಡುತ್ತಿದ್ದರು. 1998ರಿಂದ 2012ರವರೆಗೆ ಹೀಗೆ 23,000ಕ್ಕೂ ಜಾಸ್ತಿ ಗಂಟೆಗಳ ಲೆಕ್ಕ, 6,000ಕ್ಕೂ ಜಾಸ್ತಿ ಮೀನಿನ ಲೆಕ್ಕ ಸೇರಿತು. ಅರ್ಧ ಕಿಲೋ ಇಲ್ಲದ ಮರಿಯಿಂದ ಹಿಡಿದು 46 ಕಿಲೋ ದಾಟಿದ ದೈತ್ಯನವರೆಗೆ.

ಈ ಪುಸ್ತಕಗಳನ್ನು ಸಂಶೋಧಕರು ಕೂತು ಓದಿದಾಗ ಮೊದಲು ಕಂಡದ್ದು ಸಂತೋಷದ ವಿಷಯ. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಸರಾಸರಿ ತೂಕ ಇಳಿದಿತ್ತು, ಅಂದರೆ ಮರಿಗಳು ಹೆಚ್ಚಾಗಿದ್ದವು. ಇಷ್ಟಕ್ಕೇ ನಿಲ್ಲಿಸಿದ್ದರೆ 'ಮಹಶೀರ್ ಚೆನ್ನಾಗಿದೆ' ಎಂದು ವರದಿ ಮುಗಿಯುತ್ತಿತ್ತು.

ಆದರೆ ಹೊಳೆಯಲ್ಲಿದ್ದದ್ದು ಒಂದೇ ಮಹಶೀರ್ ಅಲ್ಲ, ಎರಡು. ಒಂದಕ್ಕೆ ರೆಕ್ಕೆ ನೀಲಿ. ಇನ್ನೊಂದಕ್ಕೆ ರೆಕ್ಕೆ ಕಿತ್ತಳೆ ಕೆಂಪು, ತಲೆಯ ಹಿಂದೆ ಬೆನ್ನು ಗೂನಿನಂತೆ ಉಬ್ಬಿರುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ಲೆಕ್ಕ ಹಾಕಿದಾಗ ಚಿತ್ರವೇ ತಿರುಗಿತು. ಏರಿದ್ದೆಲ್ಲ ನೀಲಿ ರೆಕ್ಕೆಯದು. ಗೂನು ಬೆನ್ನಿನದು ವರ್ಷ ವರ್ಷ ಇಳಿಯುತ್ತಾ ಬಂದಿತ್ತು. ಅದರಲ್ಲೂ ಕೊನೆಗೆ ಸಿಗುತ್ತಿದ್ದವು ದೊಡ್ಡ ಮೀನುಗಳು ಮಾತ್ರ. ಮರಿಗಳು ಕಾಣುತ್ತಿರಲಿಲ್ಲ. ಒಂದು ಊರಿನಲ್ಲಿ ಬರೀ ಅಜ್ಜ ಅಜ್ಜಿಯರೇ ಉಳಿದು, ತೊಟ್ಟಿಲು ಖಾಲಿ ಇದ್ದರೆ ಹೇಗೋ ಹಾಗೆ.

ನಮ್ಮ ಹರಿಗೋಲಿನಣ್ಣ ಹೇಳಿದ್ದು ಇದನ್ನೇ ಅಲ್ವಾ? ಮೀನು ಜಾಸ್ತಿ ಇದೆ, ಆದರೆ ಆ ಮೀನಲ್ಲ.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದು ಕೃಷ್ಣಾ ನದಿಯ ಕಡೆಯ ಮೀನು. ಮಹಶೀರ್ ಕಮ್ಮಿಯಾಗುತ್ತಿದೆ ಎಂಬ ಕಳವಳದಿಂದ 1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಇದರ ಮರಿ ಮಾಡಿಸಲು ಶುರು ಮಾಡಿದರು. ಆ ಮರಿಗಳನ್ನು ದೇಶದ ಎಷ್ಟೋ ಹೊಳೆಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಮನಸ್ಸು ಒಳ್ಳೆಯದೇ ಇತ್ತು. ಆದರೆ ಬಿಡುವ ಮುಂಚೆ, ಈ ಹೊಳೆಯಲ್ಲಿ ಈಗಾಗಲೇ ಇರುವ ಮೀನು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿದ್ಧ ಇರಲಿಲ್ಲ. ಗೂನು ಬೆನ್ನಿನ ಮೀನು ಕುಸಿಯಲು ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಅಣೆಕಟ್ಟುಗಳು ಮೊಟ್ಟೆಯಿಡಲು ಮೇಲೆ ಹೋಗುವ ದಾರಿ ಮುಚ್ಚಿದವು. ಮರಳು ತೆಗೆದು ತೆಗೆದು ಮೊಟ್ಟೆಯಿಡುವ ಕಲ್ಲುಹರಳಿನ ಜಾಗ ಹೋಯಿತು. ಸಿಡಿಮದ್ದು ಹಾಕಿ ಒಂದು ಮಡುವಿನ ಮೀನನ್ನೆಲ್ಲ ಒಂದೇ ಏಟಿಗೆ ಕೊಲ್ಲುವವರು ಇದ್ದಾರೆ. ಇದೆಲ್ಲದರ ಮೇಲೆ ಹೊಸ ಮೀನಿನ ಪೈಪೋಟಿಯೂ ಬಂತು.

ಇನ್ನೊಂದು ವಿಚಿತ್ರ ಕೇಳಿ. ನೂರು ವರ್ಷಕ್ಕೂ ಮೇಲಿನಿಂದ ಪ್ರಪಂಚಕ್ಕೆಲ್ಲ ಗೊತ್ತಿದ್ದ ಈ ಗೂನು ಬೆನ್ನಿನ ಮೀನಿಗೆ ಎಲ್ಲರೂ ಒಪ್ಪುವ ವೈಜ್ಞಾನಿಕ ಹೆಸರೇ ಇರಲಿಲ್ಲ! ಹೆಸರಿಲ್ಲದ ಮೀನನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಲು ಆಗುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವರ ಪಾಡು. ಕೊನೆಗೆ ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರ್ ನದಿಯಲ್ಲಿ ಈ ಮೀನು ಸಂಶೋಧಕರ ಕೈಗೆ ಸಿಕ್ಕಿತು. ಮೈಯ ಅಳತೆ ತೆಗೆದರು, ಡಿಎನ್‌ಎ ನೋಡಿದರು. 2007ರಲ್ಲಿ ಕೇರಳದ ಪಾಂಬಾರ್ ನದಿಯ ಪುಟ್ಟ ಮೀನುಗಳನ್ನು ನೋಡಿ 'ಟಾರ್ ರೆಮಾದೇವಿ' ಎಂದು ಹೆಸರಿಟ್ಟಿದ್ದರು. ಅದೂ ಇದೂ ಒಂದೇ ಎಂದು ಗೊತ್ತಾಯಿತು. ಪಾಂಬಾರ್ ಕೂಡ ಕೊನೆಗೆ ಕಾವೇರಿಗೇ ಸೇರುವ ನೀರು. 2018ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ, ಅಳಿವಿನ ಅಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಈ ಮೀನನ್ನು ತೀರಾ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಈ ಮೀನು ಬೇರೆಲ್ಲೂ ಇಲ್ಲ. ನಮ್ಮಲ್ಲಿ ಹೋದರೆ ಹೋಯಿತು.

ಗಾಲಿಬೋರೆಯ ಗಾಳದ ಶಿಬಿರ 2012ರ ಹೊತ್ತಿಗೆ ನಿಂತಿತು. ಅದು ಕಾವೇರಿ ಅಭಯಾರಣ್ಯದ ಒಳಗಿನ ಹೊಳೆ, ಗಾಳವೂ ಬೇಟೆಯೇ ಎಂಬ ವಾದಕ್ಕೆ ಕಾನೂನಿನ ಬಲ ಇತ್ತು. ಗಾಳ ಮತ್ತೆ ಬರಬೇಕು ಎಂದು ನಾನು ಇಲ್ಲಿ ವಾದ ಮಾಡುತ್ತಿಲ್ಲ. ಆದರೆ ಅದರ ಜೊತೆಗೆ ಲೆಕ್ಕದ ಪುಸ್ತಕವೂ ಮುಚ್ಚಿತು ಎಂಬುದು ನನ್ನನ್ನು ಈಗಲೂ ಕೊರೆಯುತ್ತದೆ. ದಿನಾ ಹೊಳೆ ಸುತ್ತುತ್ತಿದ್ದ ಆ ಊರಿನ ಹರಿಗೋಲಿನವರೂ ಬೇರೆ ಕೆಲಸ ಹುಡುಕಿಕೊಂಡರು. ಅವರಲ್ಲಿ ಕೆಲವರು ಒಂದು ಕಾಲಕ್ಕೆ ತಾವೇ ಕದ್ದು ಮೀನು ಹಿಡಿಯುತ್ತಿದ್ದವರು, ಆಮೇಲೆ ಮೀನು ಕಾಯುವವರಾದವರು. ಒಂದು ಬಾಗಿಲು ಮುಚ್ಚುವಾಗ ಲೆಕ್ಕ ಬರೆಯುವ ಇನ್ನೊಂದು ದಾರಿ ತೆರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮೀನನ್ನು ಕಾಯುವ ಮನಸ್ಸು ನಮ್ಮ ಜನರಲ್ಲಿ ಇಲ್ಲವೇ? ಖಂಡಿತ ಇದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕದವರು ಯಾರು? ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನು ದೇವರ ಮೀನು. ಬೆಳ್ತಂಗಡಿಯ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ಇನ್ನೂ ಆ ಕಲ್ಲು ಅಲ್ಲಿದೆ. ನಾನು ಮೊದಲ ಸಲ ಅದರ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಇಷ್ಟು ಪ್ರೀತಿ ಇರುವ ಕಡೆ ಒಂದು ನೋಟ್‌ಬುಕ್ ಇಡುವುದು ಕಷ್ಟವೇ?

ಹಾಗಾಗಿ ನಾವು ಈಗ ಮಾಡುತ್ತಿರುವ ಸಣ್ಣ ಕೆಲಸದ ಬಗ್ಗೆ ಹೇಳಿ ಮುಗಿಸುತ್ತೇನೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಮಾವ ಮೀನುಗಾರರು. ಅಭಯಾರಣ್ಯದ ಹೊರಗೆ ಪರವಾನಗಿ ಇಟ್ಟುಕೊಂಡು ಬಲೆ ಹಾಕುವವರು. ಅವರಿಗಾಗಿ ಒಂದು ಚಿಕ್ಕ ಪುಸ್ತಕ ಮಾಡಿದ್ದೇವೆ. ತಾರೀಕು, ಜಾಗ, ಬಲೆ ನೀರಿನಲ್ಲಿದ್ದ ಗಂಟೆ, ಬಲೆಯ ಕಣ್ಣಿನ ಅಳತೆ, ಸಿಕ್ಕ ಮೀನು. ಅವರು ಬರೆಯದಿದ್ದರೆ ಪಕ್ಕದಲ್ಲಿ ಕೂತು ನೀವು ಬರೆಯಿರಿ. ಜಿಲೇಬಿ ಮೀನು ಸಿಕ್ಕರೂ ಬರೆಯಿರಿ, ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೂ ಬರೆಯಿರಿ. ಬಿಳಿಮೀನು ಸಿಕ್ಕರೆ ರೆಕ್ಕೆಯ ಬಣ್ಣ ತಪ್ಪದೆ ಬರೆಯಿರಿ, ಒದ್ದೆ ಕೈಯಲ್ಲಿ ಹಿಡಿದು ಒಂದು ಫೋಟೋ ತೆಗೆದು, ಬೇಗ ನೀರಿಗೆ ಬಿಡಿ.

ಇನ್ನೊಂದು ಮಾತು, ಇದು ಮುಖ್ಯ. ಹೋದ ವರ್ಷ ನಮಗೆ ಬಂದ ಪುಸ್ತಕಗಳಲ್ಲಿ ಮೀನು ಸಿಕ್ಕ ದಿನಗಳು ಮಾತ್ರ ಇದ್ದವು. ಖಾಲಿ ಬಲೆ ಎತ್ತಿದ ದಿನ ಏನು ಬರೆಯೋದು ಎಂದು ಬಿಟ್ಟಿದ್ದರು. ನಮಗೆ ಆ ದಿನವೂ ಬೇಕು. ಮೂರು ಗಂಟೆ ಬಲೆ ಬಿಟ್ಟು ಒಂದೂ ಸಿಗದಿದ್ದರೆ, ಮೂರು ಗಂಟೆ, ಸೊನ್ನೆ ಎಂದು ಬರೆಯಿರಿ. ಆ ಸೊನ್ನೆ ಇಲ್ಲದಿದ್ದರೆ ನಮ್ಮ ಪುಸ್ತಕದಲ್ಲೂ ಮೀನು ಯಾವಾಗಲೂ ಜಾಸ್ತಿಯೇ ಇರುತ್ತದೆ.

ಪುಸ್ತಕಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಜೊತೆಗೆ ಎರಡು ಮೀನಿನ ಬಣ್ಣದ ಚಿತ್ರವೂ ಇದೆ. ಬೇಕಾದವರು ತೆಗೆದುಕೊಂಡು ಹೋಗಿ. ಪ್ರಶ್ನೆ ಇದ್ದರೆ ಕೇಳಿ, ನಾನು ಇಲ್ಲೇ ಇರುತ್ತೇನೆ.